ಗುಡ್ಡದ ಕೇಪಳಕ್ಕೆ ಹುಳಿ ಮಣ್ಣು

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನ ಪಕ್ಕ ಸಾಲಾಗಿ ನೆಟ್ಟಿರುವ ಇಕ್ಸೋರಾ ಗಿಡಗಳನ್ನು ಗಮನಿಸಿ. ನರ್ಸರಿಯ ಗಾಡಿಯಿಂದ ಇಳಿದಾಗ ಎಲೆ ಹಚ್ಚಹಸಿರು, ಕೊಂಬೆಯ ತುದಿಗೆಲ್ಲ ಕೆಂಪು ಗೊಂಚಲು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಚಿಗುರು ಹಳದಿಗೆ ತಿರುಗಿರುತ್ತದೆ. ಎಲೆಯ ನರಗಳಷ್ಟೇ ಹಸಿರು, ನಡುವಿನ ಜಾಗವೆಲ್ಲ ಬಿಳಿಚು. ಮಾಲಿ ಬುಡಕ್ಕೊಂದು ಹಿಡಿ ಯೂರಿಯಾ ಹಾಕುತ್ತಾರೆ, ಸ್ವಲ್ಪ ದಿನ ಬಿಟ್ಟು ಇನ್ನೊಂದು ಹಿಡಿ. ಹಳದಿ ಹೋಗುವುದಿಲ್ಲ, ಹೂವೂ ಬರುವುದಿಲ್ಲ. ಕೊನೆಗೊಂದು ದಿನ ಸಾಲನ್ನೇ ಕಿತ್ತು ಹಾಕಿ ಅಲ್ಲಿ ಬೇರೇನನ್ನೋ ನೆಡುತ್ತಾರೆ.

ಅದೇ ಜಾತಿಯ ಗಿಡ ಕರಾವಳಿಯ ಮುರಕಲ್ಲಿನ ಗುಡ್ಡಗಳ ಮೇಲೆ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಯೆಂಬುದೇ ಅಪರೂಪ. ಗೇಣುದ್ದ ಮಣ್ಣು, ಅದರ ಕೆಳಗೆ ಕಲ್ಲು. ದನಗಳು ಚಿಗುರು ಕಡಿಯುತ್ತವೆ, ಸೌದೆಗೆಂದು ಜನ ಗೆಲ್ಲು ಸವರುತ್ತಾರೆ, ಒಮ್ಮೊಮ್ಮೆ ಹುಲ್ಲಿಗೆ ಬಿದ್ದ ಬೆಂಕಿ ಪೊದೆಯನ್ನೂ ಸುಡುತ್ತದೆ. ಆದರೂ ಮೊದಲ ಮಳೆಗೆ ಬುಡದಿಂದ ಮತ್ತೆ ಚಿಗುರಿ, ಎಲೆ ದಪ್ಪವಾಗಿ, ಕಪ್ಪುಹಸಿರಾಗಿ ಮಿರುಗುತ್ತದೆ. ಕೇಪಳ, ಕೇಪುಳ, ಕಿಸ್ಕಾರ, ಗುಡ್ಡೆದಾಸವಾಳ, ಕುಸುಮಾಲೆ ಎಂದು ಊರು ಬದಲಾದಂತೆ ಹೆಸರು ಬದಲಾಗುವ ಈ ಪೊದೆಯ ಸಸ್ಯಶಾಸ್ತ್ರೀಯ ಹೆಸರು ಇಕ್ಸೋರಾ ಕಾಕ್ಸೀನಿಯಾ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು.

ಬೆಂಕಿ, ಬರ, ಕತ್ತಿಯನ್ನು ತಾಳಿಕೊಂಡ ಗಿಡ, ದಿನಾ ನೀರು ಕುಡಿಯುವ ಅಂಗಳದಲ್ಲಿ ಸೊರಗುವುದು ಯಾಕೆ ಎಂಬುದು ಗೊತ್ತಾದರೆ ಕೇಪಳ ಬೆಳೆಸುವ ಮುಕ್ಕಾಲು ಪಾಲು ವಿದ್ಯೆ ಬಂದ ಹಾಗೆ. ಉಳಿದ ಕಾಲು ಪಾಲು ಕತ್ತರಿ ಹಿಡಿಯುವುದಕ್ಕೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರೋಣ.

ಮೊದಲು ಗುಡ್ಡದ ಮಣ್ಣು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬರೆದ ವರದಿ 1807ರಲ್ಲಿ ಪುಸ್ತಕವಾಗಿ ಬಂತು. ಕೇರಳದ ಅಂಗಾಡಿಪುರಂ ಎಂಬಲ್ಲಿ, ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿಯಾಗುವ ಕೆಂಪು ಕಲ್ಲನ್ನು ನೋಡಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಆತ. ನಮ್ಮ ಕರಾವಳಿಯ ಮನೆ, ಪಾಗಾರ, ಬಾವಿಕಟ್ಟೆಗಳಿಗೆಲ್ಲ ಬಳಕೆಯಾದ ಮುರಕಲ್ಲು ಇದೇ. ಮಂಗಳೂರಿನ ಸುತ್ತಮುತ್ತ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಾವಿರಾರು ವರ್ಷಗಳಿಂದ ಹೀಗೆ ಸುರಿದ ನೀರು ಮಣ್ಣಿನಲ್ಲಿದ್ದ ಸುಣ್ಣ, ಮೆಗ್ನೀಷಿಯಂಗಳನ್ನು ಕರಗಿಸಿ ಕೆಳಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳು. ಮಣ್ಣಿನ ಕೆಂಪಿಗೂ ಕಾರಣ ಅದೇ, ಹುಳಿಗೂ ಕಾರಣ ಅದೇ ತೊಳೆತ. ರಸಸಾರ, ಅಂದರೆ ಪಿಎಚ್, ಇಲ್ಲಿ ಸಾಮಾನ್ಯವಾಗಿ 5ರಿಂದ 6ರ ಆಸುಪಾಸು.

ಕೇಪಳ ಈ ಹುಳಿ ಮಣ್ಣಿಗೆ ಒಗ್ಗಿಕೊಂಡ ಗಿಡ. ಎಲೆಯಲ್ಲಿ ಹಸಿರು ಕಟ್ಟಬೇಕಾದರೆ ಕಬ್ಬಿಣ ಬೇಕು. ಹುಳಿ ಮಣ್ಣಿನಲ್ಲಿ ಕಬ್ಬಿಣ ಒಂದಿಷ್ಟು ಕರಗಿದ ರೂಪದಲ್ಲಿ ಇರುವುದರಿಂದ ಬೇರು ಅದನ್ನು ಸಲೀಸಾಗಿ ಹೀರಿಕೊಳ್ಳುತ್ತದೆ. ಪಿಎಚ್ ಒಂದು ಅಂಕಿ ಏರಿದರೆ ಮಣ್ಣಿನಲ್ಲಿ ಕಬ್ಬಿಣ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ ಎನ್ನುತ್ತದೆ ಮಣ್ಣಿನ ರಸಾಯನಶಾಸ್ತ್ರ. ಅಂದರೆ 5.5ರ ಮಣ್ಣಿನಲ್ಲಿ ನಳನಳಿಸುವ ಗಿಡಕ್ಕೆ 7.5ರ ಮಣ್ಣು ಅಂದರೆ ಕಣಜ ತುಂಬಿದ್ದೂ ಬೀಗದ ಕೈ ಕಳೆದುಹೋದ ಮನೆ. ಕೆಂಪು ಮಣ್ಣಲ್ಲವೇ, ಕಬ್ಬಿಣಕ್ಕೇನು ಬರ ಎಂದು ನಾವು ಅಂದುಕೊಳ್ಳುತ್ತೇವೆ. ಕಬ್ಬಿಣಕ್ಕೆ ಬರವಿಲ್ಲ, ಅದು ಬೇರಿಗೆ ಸಿಗುವುದಿಲ್ಲ, ಅಷ್ಟೆ.

ಹಳದಿ ಎಲ್ಲಿಂದ ಶುರುವಾಯಿತು ಎಂಬುದನ್ನು ನೋಡಿದರೆ ಗಿಡದ ತಕರಾರು ಗೊತ್ತಾಗುತ್ತದೆ. ಕಬ್ಬಿಣವನ್ನು ಗಿಡ ಹಳೆ ಎಲೆಯಿಂದ ಹೊಸ ಎಲೆಗೆ ಸಾಗಿಸಲಾರದು. ಹಾಗಾಗಿ ಕಬ್ಬಿಣ ಸಾಲದಾದಾಗ ಮೊದಲು ಬಿಳಿಚಿಕೊಳ್ಳುವುದು ತುದಿಯ ಎಳೆ ಎಲೆಗಳು, ಬುಡದ ಎಲೆಗಳು ಹಸಿರಾಗಿಯೇ ಇರುತ್ತವೆ. ಸಾರಜನಕದ ಕೊರತೆಯಲ್ಲಿ ಇದು ತಿರುಗುಮುರುಗು. ಹಳೆ ಎಲೆಯಲ್ಲಿದ್ದದ್ದನ್ನು ಗಿಡ ಚಿಗುರಿಗೆ ಸಾಗಿಸಿಬಿಡುತ್ತದೆ, ಕೆಳಗಿನ ಎಲೆ ನರಸಮೇತ ಹಳದಿಯಾಗಿ ಉದುರುತ್ತದೆ. ಯೂರಿಯಾ ಈ ಎರಡನೆಯ ಕಾಯಿಲೆಯ ಮದ್ದು. ನಮ್ಮ ಅಂಗಳದ ಇಕ್ಸೋರಾಗೆ ಹತ್ತಿದ್ದು ಬಹುಪಾಲು ಮೊದಲನೆಯದು.

ಮನೆಯಂಗಳದ ಮಣ್ಣಿಗೆ ಪಿಎಚ್ ಏರಿಸುವ ಸುಣ್ಣ ಎಲ್ಲಿಂದ ಬರುತ್ತದೆ? ಮನೆಯಿಂದಲೇ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಅದರಲ್ಲಿ ಕ್ಯಾಲ್ಷಿಯಂ ಹೈಡ್ರಾಕ್ಸೈಡ್, ಅಂದರೆ ನೀರು ಬೆರೆತ ಸುಣ್ಣ ಹುಟ್ಟುತ್ತದೆ. ಗೋಡೆ, ಅಡಿಪಾಯ, ಕಾಂಪೌಂಡುಗಳಿಂದ ಅದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಸರುತ್ತದೆ. ಮನೆ ಕಟ್ಟುವಾಗ ಉಳಿದ ಗಾರೆ, ಒಡೆದ ಕಾಂಕ್ರೀಟು, ಪ್ಲಾಸ್ಟರಿನ ಪುಡಿ, ಎಲ್ಲವನ್ನೂ ಸುತ್ತಲಿನ ಹೊಂಡಕ್ಕೆ ತುಂಬಿ ಮೇಲೆ ನಾಲ್ಕು ಬುಟ್ಟಿ ಕೆಂಪು ಮಣ್ಣು ಹರಡುವುದು ಗುತ್ತಿಗೆದಾರರ ರೂಢಿ. ಗಿಡದ ಬೇರು ಮೊದಲ ವರ್ಷ ಆ ಕೆಂಪು ಮಣ್ಣಿನಲ್ಲಿರುತ್ತದೆ, ಎರಡನೆಯ ವರ್ಷ ಗಾರೆಗೆ ತಾಗುತ್ತದೆ. ಇದಕ್ಕೆ ಬೋರ್‌ವೆಲ್ಲಿನ ಗಡಸು ನೀರು ಸೇರಿತೆಂದರೆ ಮುಗಿಯಿತು. ಪಾತ್ರೆಯಲ್ಲಿ, ಷವರಿನ ತೂತುಗಳಲ್ಲಿ ಬಿಳಿ ಪದರ ಕಟ್ಟುವ ನೀರು ಕುಂಡದ ಮಣ್ಣಿಗೂ ದಿನಾ ಒಂದಿಷ್ಟು ಸುಣ್ಣ ಬಿಡುತ್ತಲೇ ಇರುತ್ತದೆ. ದೂರದ ಅಮೆರಿಕದ ಫ್ಲಾರಿಡಾದ ದಕ್ಷಿಣ ಭಾಗದಲ್ಲಿ ಇಕ್ಸೋರಾ ಬೇಲಿ ಮನೆಮನೆಯಲ್ಲೂ ಇದೆ. ಅಲ್ಲಿನ ಸುಣ್ಣಕಲ್ಲಿನ ನೆಲದಲ್ಲಿ, ಅದರಲ್ಲೂ ಗೋಡೆಯ ಬುಡದಲ್ಲಿ, ಇದೇ ಹಳದಿ ಕಾಯಿಲೆ ತೋಟಗಾರರಿಗೆ ಚಿರಪರಿಚಿತ.

ಪರೀಕ್ಷೆಗೆ ದೊಡ್ಡ ಏರ್ಪಾಡು ಬೇಕಿಲ್ಲ. ಗಿಡ ನೆಡಬೇಕೆಂದಿರುವ ಕಡೆ ಒಂದಡಿ ಆಳದಿಂದ ಮಣ್ಣು ತೆಗೆದು ಒಣಗಿಸಿ, ಒಂದು ಚಮಚದಷ್ಟರ ಮೇಲೆ ವಿನೆಗರ್ ಹನಿಸಿ. ಸುಯ್ ಎಂದು ಗುಳ್ಳೆ ಎದ್ದರೆ ಅಲ್ಲಿ ಸುಣ್ಣವಿದೆ. ಏಳದಿದ್ದರೆ ಮಣ್ಣು ಹುಳಿಯೇ ಎಂದು ಹೇಳಲು ಬರುವುದಿಲ್ಲ, ಆದರೆ ಕೇಪಳಕ್ಕೆ ಆಶೆಯಿದೆ. ಪಕ್ಕಾ ಅಂಕಿ ಬೇಕೆಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಟ್ಟು ಬನ್ನಿ.

ಹೊಸದಾಗಿ ನೆಡುವವರು ಗೋಡೆಯಿಂದ, ಕಾಂಪೌಂಡಿನಿಂದ ಕನಿಷ್ಠ ಮೂರಡಿ ಬಿಟ್ಟು ಗುಂಡಿ ತೆಗೆಯಲಿ. ಎರಡಡಿ ಉದ್ದಗಲ, ಎರಡಡಿ ಆಳ. ಗಾರೆ, ಜಲ್ಲಿ ಸಿಕ್ಕರೆ ಪೂರ್ತಿ ಎತ್ತಿ ಹೊರಗೆ ಹಾಕಬೇಕು, ಇದರಲ್ಲಿ ರಾಜಿ ಬೇಡ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ಸ್ವಲ್ಪ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ. ನೀರು ನಿಲ್ಲುವ ಜಾಗವಾದರೆ ಒಂದಿಷ್ಟು ಮರಳೂ ಇರಲಿ. ಬೂದಿ ಮಾತ್ರ ಹಾಕಬೇಡಿ. ಒಲೆಯ ಬೂದಿ ತೆಂಗಿಗೆ ಒಳ್ಳೆಯದು, ಕೇಪಳಕ್ಕೆ ಅದೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಮೊಟ್ಟೆ ಚಿಪ್ಪಿನ ಪುಡಿಯನ್ನೂ ಇತರ ಗಿಡಗಳಿಗೆ ಇಟ್ಟುಕೊಳ್ಳಿ.

ಬುಡಕ್ಕೆ ದರಗಿನ ಹೊದಿಕೆ ಹಾಸುವುದು ಈ ಗಿಡಕ್ಕೆ ಮಾಡಬಹುದಾದ ದೊಡ್ಡ ಉಪಕಾರ. ಗುಡ್ಡದಲ್ಲಿ ಅದರ ಬುಡ ಯಾವತ್ತೂ ಬರಿದಾಗಿರುವುದಿಲ್ಲ. ತರಗೆಲೆ ನಿಧಾನವಾಗಿ ಕಳಿಯುವಾಗ ಹೊರಬರುವ ಸಾವಯವ ಆಮ್ಲಗಳು ಕಬ್ಬಿಣವನ್ನು ಹಿಡಿದಿಟ್ಟು ಬೇರಿಗೆ ಸಿಗುವ ಹಾಗೆ ಮಾಡುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ದಿನಬೆಳಗಾದರೆ ಎಲೆ ಗುಡಿಸಿ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗಿಡ ಬೇಡುತ್ತಿರುವುದನ್ನೇ ಅದರ ಕಣ್ಣೆದುರು ಹೊತ್ತು ಒಯ್ಯುತ್ತೇವೆ, ಆಮೇಲೆ ದುಡ್ಡು ಕೊಟ್ಟು ಗೊಬ್ಬರ ತರುತ್ತೇವೆ. ನೀರಿನ ವಿಷಯದಲ್ಲಿ ಮಳೆನೀರಿಗಿಂತ ಒಳ್ಳೆಯದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ ತುಸು ಹುಳಿಯೇ, ಪಿಎಚ್ 5.6ರ ಹತ್ತಿರ. ಚಾವಣಿಯ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು ಕುಂಡದ ಕೇಪಳಕ್ಕೆ ಮೀಸಲಿಟ್ಟರೆ ಬೇಸಿಗೆಯ ಅರ್ಧ ಚಿಂತೆ ಕಳೆಯುತ್ತದೆ.

ಈಗಾಗಲೇ ಹಳದಿಯಾದ ಗಿಡಕ್ಕೆ ಅನ್ನಭೇದಿ ಮದ್ದು. ಕಬ್ಬಿಣದ ಸಲ್ಫೇಟ್ ಎಂದರೂ ಇದೇ, ಗೊಬ್ಬರದಂಗಡಿಯಲ್ಲಿ ತಿಳಿಹಸಿರು ಹರಳುಗಳ ರೂಪದಲ್ಲಿ ಸಿಗುತ್ತದೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಮಾಡಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಸಿಂಪಡಿಸುವಾಗ ಟೈಲ್ಸು, ಬಿಳಿ ಗೋಡೆಗಳನ್ನು ಮುಚ್ಚಿಕೊಳ್ಳಿ, ತುಕ್ಕಿನ ಕಲೆ ಹೋಗುವುದಿಲ್ಲ. ಇದು ತಾತ್ಕಾಲಿಕ ಶಮನ. ಸುಣ್ಣದ ಮಣ್ಣಿಗೆ ಅನ್ನಭೇದಿಯನ್ನು ನೇರವಾಗಿ ಸುರಿದರೆ ಅದೂ ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ. ಮಣ್ಣನ್ನೇ ಸರಿಮಾಡಲು ಗಂಧಕದ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುವುದುಂಟು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಆಮ್ಲವಾಗಿಸುತ್ತವೆ, ಫಲ ಕಾಣಲು ತಿಂಗಳುಗಳೇ ಬೇಕು.

ಇಷ್ಟೆಲ್ಲ ಮಾಡುವ ಬದಲು ಸುಣ್ಣಕ್ಕೂ ಹೆದರದ ಹೊರಗಿನ ಗಿಡ ನೆಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿ ಕೈಸುಟ್ಟುಕೊಂಡ ಉದಾಹರಣೆ ದೂರವಿಲ್ಲ. ಎಂಥ ನೆಲಕ್ಕೂ ಸೈ, ಸದಾ ಹಸಿರು, ಗೋಡೆಯ ಹಾಗೆ ಒತ್ತಾಗಿ ಬೆಳೆಯುತ್ತದೆ ಎಂದು ಕೋನೋಕಾರ್ಪಸ್ ಗಿಡವನ್ನು ರಸ್ತೆ ವಿಭಜಕಗಳಿಂದ ಹಿಡಿದು ಬಡಾವಣೆಗಳ ಬೇಲಿವರೆಗೆ ಎಲ್ಲೆಡೆ ನೆಟ್ಟರು. ಅದರ ಬೇರು ನೀರಿನ ಕೊಳವೆ, ಚರಂಡಿಗಳಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿ ಎಂಬ ದೂರುಗಳು ಬಂದು 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ಇನ್ನೂ ಹಿಂದಕ್ಕೆ ಹೋದರೆ ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಪೊದೆಯಾಗಿ ಭಾರತಕ್ಕೆ ಬಂದದ್ದು, ಇವತ್ತು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ನೆಲವನ್ನೇ ಆವರಿಸಿದೆ. ಅದೂ ಒಂದು ಕಾಲಕ್ಕೆ ಯಾರದೋ ತೋಟದ ಚೆಂದದ ಹೂಗಿಡವೇ ಆಗಿತ್ತು. ಕೇಪಳ ಹಾಗೆ ಎಲ್ಲೆಂದರಲ್ಲಿ ನುಗ್ಗುವ ಗಿಡವಲ್ಲ. ನಿಧಾನವಾಗಿ ಬೆಳೆಯುತ್ತದೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಲ್ಲುತ್ತದೆ, ವರ್ಷಪೂರ್ತಿ ಎಲೆ ಉಳಿಸಿಕೊಳ್ಳುತ್ತದೆ.

ನರ್ಸರಿಗಳಲ್ಲಿ ಇಕ್ಸೋರಾ ಎಂದು ಸಿಗುವುದೆಲ್ಲ ಗುಡ್ಡದ ಕೇಪಳವಲ್ಲ ಎಂಬುದನ್ನೂ ಹೇಳಬೇಕು. ಗಿಡ್ಡ ತಳಿಗಳು, ಚೀನಾ ಮೂಲದ ಇಕ್ಸೋರಾ ಚೈನೆನ್ಸಿಸ್, ಅವೆರಡರ ಮಿಶ್ರಣಗಳು, ಹಳದಿ, ಗುಲಾಬಿ, ಕಿತ್ತಳೆ ಬಣ್ಣದವು ಹೇರಳವಾಗಿವೆ. ವ್ಯತ್ಯಾಸ ಗುರುತಿಸಬೇಕೆಂದರೆ ಹೂವಿನ ದಳ ನೋಡಿ. ಚೀನಾದ್ದರ ದಳದ ತುದಿ ದುಂಡು, ನಮ್ಮದರದ್ದು ಚೂಪು. ನಮ್ಮದರ ಎಲೆಗೆ ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ, ಎಲೆಯ ಬುಡ ದುಂಡಗಾಗಿ ಕಾಂಡವನ್ನು ತಬ್ಬಿದಂತಿರುತ್ತದೆ. ಮಂಗಳೂರಿನ ಹತ್ತಿರದ ಒಂದು ನರ್ಸರಿಯಲ್ಲಿ ಗುಡ್ಡೆಯ ಕೇಪಳ ಇದೆಯಾ ಎಂದು ಕೇಳಿದೆ. "ಅದು ಗುಡ್ಡೆಯಲ್ಲೇ ಉಂಟಲ್ಲ ಮಾರಾಯ್ರೆ, ದುಡ್ಡು ಕೊಟ್ಟು ಯಾರು ತೆಗೊಳ್ತಾರೆ?" ಎಂದರು. ಅವರ ಮಾತು ಇನ್ನೆಷ್ಟು ವರ್ಷ ನಿಜವಾಗಿರುತ್ತದೋ ಎಂಬುದು ನನ್ನ ಕಳವಳ. ಮುರಕಲ್ಲಿನ ಗುಡ್ಡಗಳನ್ನು ಪಾಳುಭೂಮಿ ಎಂದು ಲೆಕ್ಕ ಹಾಕಿ, ಕಲ್ಲಿನ ಕ್ವಾರಿಗೆ, ಲೇಔಟಿಗೆ, ರಸ್ತೆ ಅಗಲೀಕರಣಕ್ಕೆ ಜೆಸಿಬಿ ಹಚ್ಚುವುದು ಕರಾವಳಿಯುದ್ದಕ್ಕೂ ನಡೆದಿದೆ. ಗುಡ್ಡ ಸಪಾಟಾದ ಮೇಲೆ ಅಲ್ಲಿ ಕಟ್ಟಿದ ಮನೆಯ ಮುಂದೆ ಥಾಯ್ಲೆಂಡಿನ ತಳಿಯ ಇಕ್ಸೋರಾ ತಂದು ನೆಡುತ್ತಾರೆ. ಆ ಮನೆಯವರಿಗೆ ತಮ್ಮ ಅಂಗಳದಲ್ಲಿ ಮೊದಲೇ ಏನಿತ್ತೆಂದು ಗೊತ್ತಿರುವುದಿಲ್ಲ.

ಗುಡ್ಡದ ಗಿಡವನ್ನೇ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಅದರ ಹೂವಿನ ಒಳಗೇ ಇದೆ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ಪ್ರತಿ ಹೂವಿಗೂ ಸುಮಾರು ಮೂರು ಸೆಂಟಿಮೀಟರ್ ಉದ್ದದ, ನೂಲಿನಷ್ಟು ಸಪೂರ ಕೊಳವೆ, ಅದರ ಬಾಯಿಯಲ್ಲಿ ಶಿಲುಬೆಯ ಆಕಾರಕ್ಕೆ ಬಿಚ್ಚಿದ ನಾಲ್ಕು ದಳ. ಮಧುವಿರುವುದು ಕೊಳವೆಯ ತಳದಲ್ಲಿ. ನಡುವೆ ನಿಂತ ಶಲಾಕೆಯನ್ನು ಮೆಲ್ಲಗೆ ಎಳೆದರೆ ಅದರ ಬುಡಕ್ಕೆ ಹೊಳೆಯುವ ಹನಿಯೊಂದು ಅಂಟಿಕೊಂಡು ಬರುತ್ತದೆ. ಕರಾವಳಿಯಲ್ಲಿ ಬೆಳೆದ ಮಕ್ಕಳಿಗೆ ಆ ಹನಿಯ ರುಚಿ ಗೊತ್ತು. ಹೂ ಅರಳುವ ಮೊದಲೇ ಮೊಗ್ಗಿನೊಳಗೆ ಕೇಸರಗಳು ತಮ್ಮ ಪರಾಗವನ್ನು ಈ ಶಲಾಕೆಯ ಮುಚ್ಚಿದ ತುದಿಯ ಹೊರಮೈಗೆ ಬಳಿದುಬಿಡುತ್ತವೆ. ಹೂ ಬಿಚ್ಚಿದಾಗ ಶಲಾಕೆ ಪರಾಗ ಹೊತ್ತು ಮುಂದೆ ಚಾಚಿರುತ್ತದೆ, ಬಂದ ಚಿಟ್ಟೆಯ ತಲೆಗೆ, ಹೀರುನಾಳಕ್ಕೆ ಅದು ಮೆತ್ತಿಕೊಳ್ಳುತ್ತದೆ. ಆಮೇಲಷ್ಟೇ ಶಲಾಕೆಯ ತುದಿ ಎರಡಾಗಿ ಸೀಳಿ, ಬೇರೆ ಹೂವಿನಿಂದ ಬರುವ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಒಂದೇ ಹೂ ಮೊದಲು ಗಂಡಿನ ಪಾತ್ರ, ಆಮೇಲೆ ಹೆಣ್ಣಿನ ಪಾತ್ರ ವಹಿಸುವ ಈ ಜೋಡಣೆಯನ್ನು ಭೂತಗನ್ನಡಿ ಹಿಡಿದು ಮಕ್ಕಳಿಗೆ ತೋರಿಸಬಹುದು.

ಅಷ್ಟುದ್ದದ ಕೊಳವೆಯ ತಳಕ್ಕೆ ಜೇನುನೊಣದ ನಾಲಿಗೆ ಎಟುಕುವುದಿಲ್ಲ. ಎಟುಕುವುದು ಚಿಟ್ಟೆಗಳಿಗೆ. ಕಾಮನ್ ಮಾರ್ಮನ್, ಬ್ಲೂ ಮಾರ್ಮನ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಕೆಂಪು ಗೊಂಚಲಿನ ಮೇಲೆ ರೆಕ್ಕೆ ಬಡಿಯುತ್ತಲೇ ಒಂದೊಂದೇ ಹೂವಿಗೆ ನಾಳ ಇಳಿಸುತ್ತವೆ. ಮಲೆನಾಡಿನ ಅಂಚಿನ ಮನೆಯಾದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಬರಬಹುದು. ಸೂರಕ್ಕಿಗಳೂ ಬರುತ್ತವೆ.

ಮಧುವಿಗಾಗಿ ಬರುವುದು ಒಂದು ಬಗೆ, ಎಲೆ ತಿಂದು ಬದುಕುವುದು ಇನ್ನೊಂದು. ಮಂಕಿ ಪಝಲ್ ಎಂಬ ಪುಟ್ಟ ಚಿಟ್ಟೆಯ ಮರಿಗಳಿಗೆ ಕೇಪಳದ ಎಲೆ ಆಹಾರ. ಉಗುರಿನಗಲದ ರೆಕ್ಕೆ, ಕಂದು ಬಿಳಿ ಗೆರೆಗಳ ಗೊಂದಲಮಯ ಚಿತ್ತಾರ, ಹಿಂಬದಿಗೆ ಸಣ್ಣ ಬಾಲಗಳು. ಎಲೆಯ ಮೇಲೆ ಕುಳಿತೊಡನೆ ತಿರುಗಿ ನಿಲ್ಲುವುದರಿಂದ ಮುಂದು ಯಾವುದು, ಹಿಂದು ಯಾವುದು ಎಂದು ಹಕ್ಕಿಗೆ ಗೊತ್ತಾಗದು. ಇದರ ಹುಳು ಮೈಮೇಲೆ ಮೊನೆಮೊನೆಯ ಮಾಂಸಲ ಗುಬುಟುಗಳಿರುವ ವಿಚಿತ್ರ ಜೀವಿ, ಕೋಶವೋ ಮುರಿದ ಕಡ್ಡಿಯ ತುಂಡೇ ಸರಿ. ಇಂಥ ವಿವರಗಳನ್ನು ಮೊದಲು ಕಲೆಹಾಕಿದವರಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಕೆಲಸ ಮಾಡಿದ ಅಧಿಕಾರಿಗಳಿದ್ದಾರೆ. ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಕಲೆಕ್ಟರ್ ಆಗಿದ್ದ ಜೆ. ಡೇವಿಡ್ಸನ್, ಉಪ್ಪು ಮತ್ತು ಸುಂಕ ಇಲಾಖೆಯ ಇ. ಎಚ್. ಐಟ್ಕನ್ ಈ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಮೊಟ್ಟೆಯಿಂದ ರೆಕ್ಕೆಯವರೆಗಿನ ಬದುಕನ್ನು ದಾಖಲಿಸಿ 1890ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲ್ ನಿವೃತ್ತಿಯ ನಂತರವೂ ಕಾರವಾರ ಬಿಟ್ಟು ಹೋಗಲಿಲ್ಲ, 1948ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಯಾವ ಹುಳು ಯಾವ ಗಿಡದ್ದು ಎಂದು ಅವರು ಬರೆದಿಟ್ಟದ್ದು ಇಂದಿಗೂ ಚಿಟ್ಟೆ ತೋಟ ಮಾಡುವವರಿಗೆ ಆಧಾರ. ಎಲೆಯಲ್ಲಿ ತೂತು ಕಂಡ ತಕ್ಷಣ ಕೀಟನಾಶಕದ ಬಾಟಲಿ ಹುಡುಕುವ ಮುನ್ನ ಎಲೆ ಮಗುಚಿ ನೋಡಿ, ತಿನ್ನುತ್ತಿರುವುದು ಯಾರೆಂದು.

ನಿಜವಾದ ಪೀಡೆ ಬೇರೆ. ಹಿಟ್ಟು ತಿಗಣೆ, ಶಲ್ಕ ಕೀಟಗಳು ಎಳೆ ಕಾಂಡದ ರಸ ಹೀರಿ ಸಿಹಿ ಅಂಟು ಸುರಿಸುತ್ತವೆ. ಅದರ ಮೇಲೆ ಕಪ್ಪು ಬೂಷ್ಟು ಹಬ್ಬುತ್ತದೆ, ಅಂಟಿನ ಆಸೆಗೆ ಇರುವೆಗಳು ಕೀಟಗಳನ್ನೇ ಕಾಯುತ್ತವೆ. ನೀರಿನ ಪೈಪಿನಿಂದ ರಭಸವಾಗಿ ತೊಳೆದು, ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ ಹೊಡೆದರೆ ಮನೆ ಮಟ್ಟಿಗೆ ಸಾಕು.

ಗೊಂಚಲು ಉದುರಿದ ಮೇಲೆ ಬಟಾಣಿ ಗಾತ್ರದ ಕಾಯಿಗಳು ಕೆಂಪಾಗಿ, ಮಾಗಿದಾಗ ಕಡುನೇರಳೆಯಾಗುತ್ತವೆ. ತೆಳ್ಳಗಿನ ಸಿಹಿ ತಿರುಳು, ತುಸು ಒಗರು, ಒಳಗೆ ಎರಡು ಬೀಜ. ಹಣ್ಣು ಕಟ್ಟುವುದರಲ್ಲಿಯೇ ಗುಡ್ಡದ ಗಿಡಕ್ಕೂ ಅಂಗಡಿಯ ಮಿಶ್ರತಳಿಗೂ ಮುಖ್ಯ ವ್ಯತ್ಯಾಸ. ಎರಡನೆಯದರಲ್ಲಿ ಹಣ್ಣು ಕಾಣುವುದೇ ಅಪರೂಪ. ಪಿಕಳಾರಗಳು ಈ ಹಣ್ಣಿಗೆ ಬರುತ್ತವೆ, ಬೀಜ ಅವುಗಳ ಹೊಟ್ಟೆಯಿಂದ ಬೇಲಿಸಾಲಿಗೆ ಬೀಳುತ್ತದೆ. ಮನುಷ್ಯರೂ ಈ ಗಿಡದ ಹಂಗಿನಲ್ಲಿಲ್ಲದೆ ಇಲ್ಲ. ಹೂವನ್ನು ತುಪ್ಪದಲ್ಲಿ ಜೀರಿಗೆಯೊಂದಿಗೆ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು ಮಜ್ಜಿಗೆಗೆ ಕಲಸಿದರೆ ತಂಬುಳಿ. ಕೇರಳದಲ್ಲಿ ಇದೇ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎಳೆಮಕ್ಕಳ ಮೈಗೆ ಹಚ್ಚುತ್ತಾರೆ. ತುಳುನಾಡಿನ ದೈವದ ಆರಾಧನೆಯಲ್ಲಿ, ಕಾಸರಗೋಡು-ಕಣ್ಣೂರಿನ ತೆಯ್ಯಂನ ಅಲಂಕಾರದಲ್ಲಿ ಈ ಕೆಂಪಿಗೆ ಸ್ಥಾನವಿದೆ. 1678ರಿಂದ 1693ರ ನಡುವೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೊರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥದಲ್ಲೇ ಇದರ ಚಿತ್ರವಿದೆ, ಚೆತ್ತಿ ಎಂಬ ಮಲಯಾಳಂ ಹೆಸರಿನ ಸಮೇತ.

ಇನ್ನು ಕತ್ತರಿಯ ವಿಷಯ. ಕೇಪಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಪ್ರತಿ ತಿಂಗಳೂ ಯಂತ್ರ ಹಿಡಿದು ಪೆಟ್ಟಿಗೆಯಾಕಾರಕ್ಕೆ ಸವರಿದರೆ ಸವರಿಹೋಗುವುದು ಮೊಗ್ಗು ಕಟ್ಟಬೇಕಾಗಿದ್ದ ತುದಿಗಳೇ. ನೋಡಲು ಅಚ್ಚುಕಟ್ಟಾದ ಹಸಿರು ಗೋಡೆ, ಹೂ ಮಾತ್ರ ಇಲ್ಲ. ಇದು ತನ್ನಷ್ಟಕ್ಕೇ ದುಂಡಗೆ ಪೊದೆಯಾಗುವ ಗಿಡ, ಹಾಗೆ ಬಿಟ್ಟರೆ ಚೆಂದ. ಬೇಸಿಗೆಯ ಹೂವಿನ ಭರಾಟೆ ಇಳಿದು ಮಳೆ ಶುರುವಾಗುವ ಹೊತ್ತಿಗೆ ವರ್ಷಕ್ಕೊಮ್ಮೆ ಉದ್ದವಾದ ಗೆಲ್ಲುಗಳನ್ನು ಮೂರನೇ ಒಂದರಷ್ಟು ಕತ್ತರಿಸಿದರೆ ಸಾಕು. ಮಳೆಗಾಲದಲ್ಲಿ ಒಡೆದ ಚಿಗುರು, ಮಳೆ ಬಿಟ್ಟ ಮೇಲೆ ಹೂವಾಗುತ್ತದೆ. ಹಣ್ಣು ಬೇಕೆನ್ನುವವರು ಬಾಡಿದ ಗೊಂಚಲನ್ನು ಕೀಳಬೇಡಿ. ಬೇಲಿಯಾಗಿ ಬೆಳೆಸುವುದಾದರೆ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಇರಲಿ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು, ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಬಾಲ್ಕನಿಯವರು 14 ಇಂಚಿನ ಕುಂಡದಲ್ಲಿ ಬೆಳೆಸಬಹುದು, ಸಿಮೆಂಟಿನ ಕುಂಡ ಬೇಡ, ಮಣ್ಣಿನದು ಒಳ್ಳೆಯದು.

ಎಲ್ಲ ಊರಿಗೂ ಕೇಪಳವೇ ಸರಿ ಎಂದು ನಾನು ಹೇಳಲಾರೆ. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಪಿಎಚ್ 8ನ್ನು ಮೀರುತ್ತದೆ, ಅಗೆದಲ್ಲೆಲ್ಲ ಸುಣ್ಣದ ಹರಳು ಸಿಗುತ್ತದೆ. ಅಲ್ಲಿನ ಅಂಗಳದಲ್ಲಿ ಕೇಪಳ ನೆಡುವುದು ಗಿಡಕ್ಕೂ ಶಿಕ್ಷೆ, ನೆಟ್ಟವರಿಗೂ ಶಿಕ್ಷೆ. ಆ ನೆಲಕ್ಕೆ ಅದರದ್ದೇ ಪೊದೆಗಳಿವೆ. ಹಳದಿ ಹೂವಿನ ತಂಗಡಿ ಇದೆ, ಕಡುಬಿಸಿಲಿಗೂ ಬಾಡದ ಬಂದರಿಕೆ ಇದೆ, ಮುಳ್ಳಿನ ಬೇಲಿಯೂ ಆಗಿ ಉಪ್ಪಿನಕಾಯಿಗೂ ಒದಗುವ ಕವಳಿ ಇದೆ. ಇವೂ ಎಲೆ ಉಳಿಸಿಕೊಳ್ಳುವ ಗಿಡಗಳೇ, ನಮ್ಮ ನೆಲದವೇ. ನರ್ಸರಿಗೆ ಹೋಗುವ ಮೊದಲು ಊರಾಚೆಯ ಗುಡ್ಡಕ್ಕೋ ಹಳ್ಳದ ದಂಡೆಗೋ ಹೋಗಿ, ಏಪ್ರಿಲಿನಲ್ಲೂ ಹಸಿರಾಗಿರುವುದು ಯಾವುದೆಂದು ನೋಡಿಕೊಂಡು ಬರುವುದು ಉತ್ತಮ.

ಕೇಪಳ ಬೇಕೆಂದು ಗುಡ್ಡದ ಗಿಡವನ್ನು ಬೇರುಸಮೇತ ಕೀಳಲು ಮಾತ್ರ ಹೋಗಬೇಡಿ. ಕಲ್ಲಿನ ಸಂದಿಗೆ ಇಳಿದ ಬೇರು ಪೂರ್ತಿ ಬರುವುದಿಲ್ಲ, ತಂದದ್ದು ಬದುಕುವುದೂ ಕಡಿಮೆ. ಕರಾವಳಿಯಲ್ಲಿ ನೆಂಟರೋ ಗೆಳೆಯರೋ ಇದ್ದರೆ ಜೂನ್ ಕೊನೆಯಲ್ಲಿ ಅವರ ಬೇಲಿಯ ಗಿಡದಿಂದ ಕಡ್ಡಿ ಕಳಿಸಲು ಹೇಳಿ. ತೀರ ಎಳೆಯದೂ ಅಲ್ಲ, ತೀರ ಬಲಿತದ್ದೂ ಅಲ್ಲ, ಪೆನ್ಸಿಲಿಗಿಂತ ಸಪೂರದ, ಗೇಣಿಗಿಂತ ಸ್ವಲ್ಪ ಚಿಕ್ಕ ತುಂಡುಗಳು. ಹೂ, ಮೊಗ್ಗು ಇದ್ದರೆ ತೆಗೆದು, ಮೇಲಿನ ಎರಡೆಲೆ ಉಳಿಸಿ, ಬುಡಕ್ಕೆ ಒದ್ದೆ ತೆಂಗಿನನಾರು ಸುತ್ತಿ, ಬಾಳೆ ಪಟ್ಟೆಯಲ್ಲಿ ಕಟ್ಟಿದರೆ ಬಸ್ಸಿನ ಪಾರ್ಸೆಲಿನಲ್ಲಿ ಎರಡು ದಿನ ಚೆನ್ನಾಗಿರುತ್ತವೆ. ತಲುಪಿದ ದಿನವೇ ಮರಳು, ಕೆಂಪು ಮಣ್ಣು, ಎಲೆಗೊಬ್ಬರ ಸಮಪಾಲಿನಲ್ಲಿ ಬೆರೆಸಿದ ಚೀಲಗಳಲ್ಲಿ ಎರಡು ಗಿಣ್ಣು ಮುಳುಗುವಷ್ಟು ಊರಿ, ನೆರಳಿನಲ್ಲಿಟ್ಟು, ಮಳೆನೀರು ಚಿಮುಕಿಸುತ್ತಿರಿ. ಬೇರು ಬಿಡಲು ಆರರಿಂದ ಎಂಟು ವಾರ ಬೇಕು. ಎಲ್ಲ ಕಡ್ಡಿಯೂ ಹಿಡಿಯುವುದಿಲ್ಲ, ಆದ್ದರಿಂದ ಬೇಕಾದ್ದರ ಮೂರು ಪಟ್ಟು ತರಿಸಿಕೊಳ್ಳಿ. ಹೆಚ್ಚು ಉಳಿದರೆ ಪಕ್ಕದ ಮನೆಯವರಿಗೆ ಕೊಡಿ, ಬೂದಿ ಹಾಕಬೇಡಿ ಎಂದು ಹೇಳಿ ಕೊಡಿ.